ಮಗುವಿಗೋಸ್ಕರ ಉಳಿಸುವುದು ಹೇಗೆ: ಅಮೆರಿಕದ ಎಸ್‌ಎಸ್‌ಐ ಮತ್ತು 2,000 ಡಾಲರಿನ ಗೆರೆ

ನನ್ನ ಮಗ ಹುಟ್ಟಿದ ವರ್ಷ ನಮ್ಮಮ್ಮ ಊರಿನಲ್ಲಿ ಅಡಿಕೆ ಮಾರಿದ ದುಡ್ಡಿನಿಂದ ಅವನ ಹೆಸರಿಗೆ ಒಂದು ಎಫ್‌ಡಿ ಮಾಡಿಸಿದರು. ಅವನಿಗೆ ಆಟಿಸಂ ಇದೆಯೆಂದು ತಿಳಿದ ಮೇಲೆ ಇನ್ನೊಂದು ಮಾಡಿಸಿದರು. "ನೀವಿಬ್ಬರೂ ಇಲ್ಲದ ಕಾಲಕ್ಕೆ ಅವನಿಗೆ ಏನಾದರೂ ಇರಲಿ" ಎಂದು ಬಡ್ಡಿಯನ್ನೂ ಮುಟ್ಟದೆ ಕಾಪಾಡಿಕೊಂಡು ಬಂದರು. ಮಗನಿಗೆ ಹದಿನೆಂಟು ತುಂಬಿ ಇಲ್ಲಿ ಅಮೆರಿಕದಲ್ಲಿ ಎಸ್‌ಎಸ್‌ಐ ಎಂಬ ಅಂಗವೈಕಲ್ಯದ ನೆರವಿಗೆ ಅರ್ಜಿ ಹಾಕಿದಾಗ, ಬೇರೆ ದೇಶದಲ್ಲಿ ಅವನ ಹೆಸರಿನಲ್ಲಿ ಏನಾದರೂ ಇದೆಯೇ ಎಂದು ಕೇಳಿದರು. ಆ ಎರಡು ರಸೀದಿಗಳನ್ನು ಮುಂದಿಟ್ಟೆವು. ಉಳಿತಾಯ ಮಿತಿ ಮೀರಿದೆ ಎಂಬ ಕಾರಣಕ್ಕೆ ಅರ್ಜಿ ವಾಪಸು ಬಂತು.

ಅಮ್ಮ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮಲ್ಲಿ ಪ್ರೀತಿ ಇದ್ದವರು ಹಾಗೆಯೇ ಮಾಡುತ್ತಾರೆ. ಆದರೆ ಅಮೆರಿಕದ ಕಾನೂನಿಗೆ ಮಗುವಿನ ಹೆಸರಿಗೆ ಇಟ್ಟ ದುಡ್ಡು ಬೇರೆ, ಮಗುವಿಗೋಸ್ಕರ ಇಟ್ಟ ದುಡ್ಡು ಬೇರೆ. ಮೊದಲನೆಯದು ನೆರವನ್ನು ನಿಲ್ಲಿಸುತ್ತದೆ. ಎರಡನೆಯದನ್ನು ಲಕ್ಷ ಡಾಲರ್ ಇಟ್ಟರೂ ಯಾರೂ ಕೇಳುವುದಿಲ್ಲ. ನಾವು ಇದನ್ನು ತಡವಾಗಿ ಕಲಿತೆವು. ಇಲ್ಲಿನ ಕನ್ನಡದ ಮನೆಗಳಲ್ಲಿ ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳನ್ನು ಬೆಳೆಸುತ್ತಿರುವವರು ಮುಂಚೆಯೇ ತಿಳಿದುಕೊಳ್ಳಲಿ ಎಂದು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಯಾವ ನೆರವಿಗೆ ಉಳಿತಾಯದ ಲೆಕ್ಕ ಇದೆ, ಯಾವುದಕ್ಕೆ ಇಲ್ಲ

ಹೆಸರುಗಳು ಒಂದೇ ಥರ ಕೇಳಿಸುವುದರಿಂದ ಗೊಂದಲ ಇಲ್ಲಿಂದಲೇ ಶುರುವಾಗುತ್ತದೆ. ಎಸ್‌ಎಸ್‌ಡಿಐ ಎಂಬುದು ವಿಮೆ. ಕೆಲಸ ಮಾಡಿ, ಸಂಬಳದಿಂದ ಸೋಷಿಯಲ್ ಸೆಕ್ಯುರಿಟಿ ತೆರಿಗೆ ಕಟ್ಟಿದವರು ಅಂಗವಿಕಲರಾದಾಗ ಸಿಗುವಂಥದ್ದು. ಅದಕ್ಕೆ ನಿಮ್ಮ ಬ್ಯಾಂಕಿನಲ್ಲಿ ಎಷ್ಟಿದೆ ಎಂಬ ಪ್ರಶ್ನೆಯೇ ಇಲ್ಲ. ಹತ್ತು ಲಕ್ಷ ಡಾಲರ್ ಇದ್ದರೂ ಸಿಗುತ್ತದೆ.

ಎಸ್‌ಎಸ್‌ಐ ಬೇರೆ. ಅದು ಬಡತನ ನೋಡಿ ಕೊಡುವ ನೆರವು. 1974ರ ಜನವರಿಯಲ್ಲಿ ಶುರುವಾಯಿತು. 65 ದಾಟಿದವರು, ದೃಷ್ಟಿ ಇಲ್ಲದವರು, ಅಂಗವಿಕಲರು, ಇವರಲ್ಲಿ ಆದಾಯವೂ ಆಸ್ತಿಯೂ ಕಡಿಮೆ ಇರುವವರಿಗೆ. 2026ರಲ್ಲಿ ಕೇಂದ್ರ ಸರ್ಕಾರದ ಪೂರ್ತಿ ಮೊತ್ತ ಒಬ್ಬರಿಗೆ ತಿಂಗಳಿಗೆ 994 ಡಾಲರ್. ಕೆಲವು ರಾಜ್ಯಗಳು ಅದರ ಮೇಲೆ ಸ್ವಲ್ಪ ಸೇರಿಸಿ ಕೊಡುತ್ತವೆ. ಹುಟ್ಟಿನಿಂದಲೇ ಅಂಗವೈಕಲ್ಯ ಇರುವ, ಎಂದೂ ಕೆಲಸಕ್ಕೆ ಹೋಗದ ನಮ್ಮ ಮಕ್ಕಳಿಗೆ ಹದಿನೆಂಟಕ್ಕೆ ತೆರೆಯುವ ಬಾಗಿಲು ಇದೇ.

ತಿಂಗಳಿಗೆ 994 ಡಾಲರ್ ಇಲ್ಲದಿದ್ದರೂ ನಡೆಯುತ್ತದೆ, ನಾವಿಬ್ಬರೂ ದುಡಿಯುತ್ತೇವೆ ಎನ್ನುವವರನ್ನು ಕನ್ನಡ ಕೂಟದ ಊಟದ ಸಾಲಿನಲ್ಲಿ ಬಹಳ ನೋಡಿದ್ದೇನೆ. ಅವರಿಗೆ ನಾನು ಹೇಳುವುದು ಒಂದೇ: ದುಡ್ಡಿಗಿಂತ ದೊಡ್ಡದು ಮೆಡಿಕೇಡ್, ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ. ಹೆಚ್ಚಿನ ರಾಜ್ಯಗಳಲ್ಲಿ ಎಸ್‌ಎಸ್‌ಐ ಸಿಕ್ಕರೆ ಮೆಡಿಕೇಡ್ ತಾನಾಗಿ ಬರುತ್ತದೆ. ಶಾಲೆ ಮುಗಿದ ಮೇಲೆ ಹಗಲು ಹೋಗುವ ಕೇಂದ್ರ, ಕೆಲಸ ಕಲಿಸುವ ಸಹಾಯಕ, ಮನೆಗೆ ಬಂದು ನೋಡಿಕೊಳ್ಳುವವರು, ಮುಂದೊಂದು ದಿನ ಬೇರೆ ಮನೆಯಲ್ಲಿ ನೆರವಿನೊಂದಿಗೆ ಬದುಕುವ ವ್ಯವಸ್ಥೆ, ಇವೆಲ್ಲಕ್ಕೂ ಹಣ ಬರುವುದು ಬಹುಪಾಲು ವೇವರ್ ಎಂದು ಕರೆಯುವ ಮೆಡಿಕೇಡಿನ ವಿಶೇಷ ಯೋಜನೆಗಳಿಂದ. ನಿಮ್ಮ ಕಂಪನಿಯ ಆರೋಗ್ಯ ವಿಮೆ ಎಷ್ಟೇ ಒಳ್ಳೆಯದಿರಲಿ, ಇದನ್ನು ಕೊಡುವುದಿಲ್ಲ.

ಯಾರಿಗೆ ಅರ್ಹತೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇಲ್ಲಿ ಹುಟ್ಟಿ ಪ್ರಜೆಯಾದ ಮಗುವಿಗೆ ಪೌರತ್ವದ ಅಡ್ಡಿಯಿಲ್ಲ. ಎಚ್‌-1ಬಿ, ಎಚ್‌-4 ವೀಸಾದಲ್ಲಿರುವವರಿಗೆ ಎಸ್‌ಎಸ್‌ಐ ಇಲ್ಲ. ಗ್ರೀನ್ ಕಾರ್ಡ್ ಇರುವವರಿಗೆ ಸಾಮಾನ್ಯವಾಗಿ 40 ಕ್ವಾರ್ಟರ್, ಅಂದರೆ ಸುಮಾರು ಹತ್ತು ವರ್ಷದ, ಕೆಲಸದ ದಾಖಲೆ ಬೇಕು, 5 ವರ್ಷ ಕಾಯಬೇಕು. ಆದರೆ ಮಗುವಿಗೆ 18 ಆಗುವ ತನಕ ತಂದೆ ತಾಯಿ ದುಡಿದ ಕ್ವಾರ್ಟರುಗಳನ್ನು ಮಗುವಿನ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.

ಹಂತ 2: ಗೆರೆ ಎಲ್ಲಿದೆ, ಯಾವ ದಿನ ನೋಡುತ್ತಾರೆ

ಒಬ್ಬರಿಗೆ 2,000 ಡಾಲರ್. ಇಬ್ಬರೂ ಎಸ್‌ಎಸ್‌ಐ ಪಡೆಯುವ ದಂಪತಿಗೆ 3,000. ಈ ಅಂಕಿ 1989ರಿಂದ ಅಲುಗಾಡಿಲ್ಲ. ತಿಂಗಳ ಮೊತ್ತ ಬೆಲೆಯೇರಿಕೆಗೆ ತಕ್ಕಂತೆ ಪ್ರತಿ ಜನವರಿಯಲ್ಲಿ ಏರುತ್ತದೆ, ಉಳಿತಾಯದ ಮಿತಿ ಮಾತ್ರ ಏರುವುದಿಲ್ಲ. ಅದನ್ನು 10,000 ಮತ್ತು 20,000 ಡಾಲರಿಗೆ ಏರಿಸುವ ಮಸೂದೆಯನ್ನು 2023ರಲ್ಲಿ ಎರಡೂ ಪಕ್ಷಗಳ ಸೆನೆಟರ್‌ಗಳಾದ ಶೆರಾಡ್ ಬ್ರೌನ್ ಮತ್ತು ಬಿಲ್ ಕ್ಯಾಸಿಡಿ ಸೇರಿ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ. ಅಂಗವಿಕಲರು ಒಂದು ಒಡೆದ ಗಾಲಿಕುರ್ಚಿ ಬದಲಿಸುವಷ್ಟೂ ಕೂಡಿಡಬಾರದು ಎನ್ನುವ ಈ ನಿಯಮ ಅನ್ಯಾಯದ್ದು ಎಂದೇ ನನ್ನ ಅಭಿಪ್ರಾಯ. ಆದರೂ ಇರುವ ನಿಯಮದೊಳಗೇ ನಮ್ಮ ಮಕ್ಕಳು ಬದುಕಬೇಕು.

ಲೆಕ್ಕ ನೋಡುವುದು ಪ್ರತಿ ತಿಂಗಳ ಮೊದಲ ದಿನ, ಆ ದಿನ ಶುರುವಾಗುವ ಗಳಿಗೆಯಲ್ಲಿ. ಆಗ 2,001 ಡಾಲರ್ ಇದ್ದರೆ ಆ ಇಡೀ ತಿಂಗಳ ನೆರವು ಇಲ್ಲ. ಒಂದು ಡಾಲರ್ ಹೆಚ್ಚಾದರೆ ಒಂದು ಡಾಲರ್ ಕಡಿತ ಎಂಬ ಲೆಕ್ಕ ಇಲ್ಲಿಲ್ಲ. ತಿಂಗಳ ನಡುವೆ 5,000 ಬಂದು, ಮೂವತ್ತನೇ ತಾರೀಖಿನೊಳಗೆ ನ್ಯಾಯವಾಗಿ ಖರ್ಚಾದರೆ ಅದು ಉಳಿತಾಯದ ಲೆಕ್ಕಕ್ಕೆ ಸಿಗುವುದಿಲ್ಲ. ಆದರೆ ಬಂದ ತಿಂಗಳಲ್ಲಿ ಅದು ಆದಾಯ ಎನಿಸಬಹುದು. ಆದಾಯ ಬೇರೆ, ಉಳಿತಾಯ ಬೇರೆ: ಒಂದೇ ದುಡ್ಡು ಬಂದ ತಿಂಗಳಲ್ಲಿ ಆದಾಯ, ಮುಂದಿನ ತಿಂಗಳ ಒಂದನೇ ತಾರೀಖಿಗೆ ಉಳಿದಿದ್ದರೆ ಉಳಿತಾಯ.

ಮುಂಜಿಯಲ್ಲಿ, ಮದುವೆಯಲ್ಲಿ ನೆಂಟರು ಮಗುವಿನ ಕೈಗೆ ಕೊಡುವ ಮುಯ್ಯಿಯ ಕವರುಗಳಿಗೂ ಇದೇ ನಿಯಮ. ಕೈಗೆ ಬಂದ ನಗದು ಆದಾಯ. ಅದನ್ನು ತಪ್ಪಿಸುವ ದಾರಿ ಇದೆ, ಹಂತ 6ರಲ್ಲಿ ಹೇಳುತ್ತೇನೆ.

12 ತಿಂಗಳು ಸತತವಾಗಿ ನೆರವು ನಿಂತೇ ಇದ್ದರೆ ಪ್ರಕರಣವೇ ಮುಚ್ಚಿಹೋಗುತ್ತದೆ. ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕು, ಅಂಗವೈಕಲ್ಯವನ್ನು ಮತ್ತೆ ಸಾಬೀತು ಮಾಡಬೇಕು.

ಹಂತ 3: ಹದಿನೆಂಟರ ಈಚೆ, ಹದಿನೆಂಟರ ಆಚೆ

ಮಗುವಿಗೆ 18 ಆಗುವವರೆಗೆ ತಂದೆ ತಾಯಿಯ ಆದಾಯ, ಉಳಿತಾಯಗಳ ಒಂದು ಭಾಗವನ್ನು ಮಗುವಿನದೆಂದೇ ಎಣಿಸುತ್ತಾರೆ. ಇಬ್ಬರು ಪೋಷಕರಿದ್ದರೆ ಅವರಿಗೆಂದು 3,000 ಡಾಲರ್ ಬಿಟ್ಟು, ಮಿಕ್ಕಿದ್ದು ಮಗುವಿನ 2,000ದ ಮಿತಿಯೊಳಗೆ ಬರಬೇಕು. ನಿವೃತ್ತಿ ಖಾತೆಗಳಾದ 401-ಕೆ, ಐಆರ್‌ಎ ಈ ಎಣಿಕೆಗೆ ಬರುವುದಿಲ್ಲ. ಆದರೂ ಐಟಿ ಸಂಬಳದ ಮನೆಗೆ ಈ ಹಂತದಲ್ಲಿ ಎಸ್‌ಎಸ್‌ಐ ಸಿಗುವುದು ಕಷ್ಟ.

ಹದಿನೆಂಟು ತುಂಬಿದ ಮುಂದಿನ ತಿಂಗಳಿಂದ ಚಿತ್ರವೇ ಬದಲಾಗುತ್ತದೆ. ಮಗ ಅದೇ ಮನೆಯಲ್ಲಿ, ಅದೇ ಕೋಣೆಯಲ್ಲಿ ಇದ್ದರೂ ನಿಮ್ಮ ಸಂಬಳ, ನಿಮ್ಮ ಶೇರು, ನಿಮ್ಮ ಸೈಟು ಯಾವುದೂ ಅವನ ಲೆಕ್ಕಕ್ಕೆ ಬರುವುದಿಲ್ಲ. ಅವನದೇ ಹೆಸರಿನಲ್ಲಿ ಏನಿದೆ ಎಂಬುದಷ್ಟೇ ಮುಖ್ಯ. "ನಮ್ಮಂಥವರಿಗೆ ಸಿಗೋದಿಲ್ಲ" ಎಂದು ಅರ್ಜಿಯೇ ಹಾಕದೆ ಇಪ್ಪತ್ತೈದಾದ ಮಕ್ಕಳ ಮನೆಗಳು ನನಗೆ ಗೊತ್ತು. ಅರ್ಜಿ ಹಾಕುವ ಮುಂಚಿನ ತಿಂಗಳುಗಳ ಬಾಕಿ ಎಸ್‌ಎಸ್‌ಐಯಲ್ಲಿ ಸಿಗುವುದಿಲ್ಲ, ಕಳೆದದ್ದು ಕಳೆದಂತೆಯೇ.

ಹಾಗಾಗಿ ಹದಿನೇಳನೇ ಹುಟ್ಟುಹಬ್ಬಕ್ಕೆ ಈ ಕೆಲಸ ಶುರು ಮಾಡಿ. ರಾಜ್ಯದ ಮೆಡಿಕೇಡ್ ವೇವರ್ ಪಟ್ಟಿಗೆ ಹೆಸರು ಬರೆಸುವುದನ್ನಂತೂ ಅಷ್ಟು ಕಾಯಬೇಡಿ. ಹಲವು ರಾಜ್ಯಗಳಲ್ಲಿ ಮಕ್ಕಳ ವೇವರ್‌ಗಳಿಗೆ ಪೋಷಕರ ಆದಾಯ ನೋಡುವುದಿಲ್ಲ. ಕೆಲವು ರಾಜ್ಯಗಳಲ್ಲಿ ಸರದಿ ಬರಲು ವರ್ಷಗಟ್ಟಲೆ ಹಿಡಿಯುತ್ತದೆ.

ಹಂತ 4: ಎರಡೂ ದೇಶಗಳ ಪಟ್ಟಿ ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ಮಗುವಿನ ಹೆಸರು ಎಲ್ಲೆಲ್ಲಿ ಇದೆಯೋ ಎಲ್ಲವನ್ನೂ ಬರೆಯಿರಿ. ಅಮೆರಿಕದ ಹೊರಗಿನದೂ ಲೆಕ್ಕಕ್ಕೆ ಬರುತ್ತದೆ. ಅರ್ಜಿಯಲ್ಲಿ ಕೊಡುವ ಹೇಳಿಕೆ ಪ್ರಮಾಣ ಮಾಡಿ ಹೇಳಿದಂತೆ, ಮುಚ್ಚಿಟ್ಟರೆ ಅದು ಅಪರಾಧ. "ಊರಿನ ಬ್ಯಾಂಕು ಇಲ್ಲಿಯವರಿಗೆ ಎಲ್ಲಿ ಕಾಣುತ್ತದೆ" ಎನ್ನುವ ಮಾತು ಕಿವಿಗೆ ಬಿದ್ದರೆ ಅಲ್ಲಿಂದ ಎದ್ದು ಬನ್ನಿ.

ಬಿಡುವ ವಸ್ತುಗಳನ್ನು ಮೊದಲು ನೋಡೋಣ. ವಾಸದ ಮನೆ ಅವನದೇ ಆದರೂ ಲೆಕ್ಕಕ್ಕಿಲ್ಲ. ಓಡಾಟಕ್ಕೆ ಒಂದು ವಾಹನ, ಎಷ್ಟೇ ಬೆಲೆಯದಿರಲಿ, ಲೆಕ್ಕಕ್ಕಿಲ್ಲ. ಮನೆಯ ಸಾಮಾನು, ಬಟ್ಟೆ, ಕಂಪ್ಯೂಟರ್, ಅಂಗವೈಕಲ್ಯಕ್ಕೆ ಬೇಕಾದ ಉಪಕರಣಗಳು ಇಲ್ಲ. ಅಂತ್ಯಕ್ರಿಯೆಗೆಂದು ಬೇರೆ ಇಟ್ಟ 1,500 ಡಾಲರ್ ತನಕ ಇಲ್ಲ. ತೆರಿಗೆ ವಾಪಸು ಬಂದರೆ 12 ತಿಂಗಳು, ಸೋಷಿಯಲ್ ಸೆಕ್ಯುರಿಟಿಯೇ ಕೊಟ್ಟ ಹಿಂಬಾಕಿಯಾದರೆ 9 ತಿಂಗಳು ಎಣಿಸುವುದಿಲ್ಲ.

ಇನ್ನು ನಮ್ಮವರ ಮನೆಗಳಲ್ಲೇ ಹೆಚ್ಚಾಗಿ ಕಾಣುವ ಸಂಗತಿಗಳು.

ಚಿನ್ನ. ಮೈಮೇಲೆ ಹಾಕಿಕೊಳ್ಳುವ ಒಡವೆ, ಮನೆತನದಲ್ಲಿ ಬಂದದ್ದೆಂದು ಇಟ್ಟುಕೊಂಡ ಸರ, ಧಾರ್ಮಿಕ ಮಹತ್ವದ ವಸ್ತು, ಇವು ಸ್ವಂತ ಬಳಕೆಯ ವಸ್ತುಗಳು, ಎಣಿಕೆಯಿಲ್ಲ. ಅಜ್ಜಿ ಕೊಟ್ಟ ಬಳೆ, ನಾಮಕರಣದ ಉಡಿದಾರ ಉಳಿಯುತ್ತವೆ. ಬೆಲೆ ಏರಲಿ ಎಂದು ಲಾಕರಿನಲ್ಲಿಟ್ಟ ನಾಣ್ಯ, ಬಿಸ್ಕತ್ತು ಮಾತ್ರ ಹೂಡಿಕೆ, ಅದು ಎಣಿಕೆಗೆ ಬರುತ್ತದೆ. ಅಕ್ಷಯ ತೃತೀಯಕ್ಕೆ ಪ್ರತಿ ವರ್ಷ ಮಗುವಿನ ಹೆಸರಲ್ಲಿ ಒಂದೊಂದು ನಾಣ್ಯ ಕೊಳ್ಳುವ ರೂಢಿ ಇದ್ದರೆ ಇನ್ನು ಮುಂದೆ ಅದು ನಿಮ್ಮ ಹೆಸರಿನಲ್ಲಿರಲಿ.

ಎಲ್‌ಐಸಿ ಪಾಲಿಸಿ. ಮಗುವಿನ ಒಡೆತನದ ಜೀವವಿಮೆಗಳ ಒಟ್ಟು ವಿಮಾ ಮೊತ್ತ 1,500 ಡಾಲರ್ ಒಳಗಿದ್ದರೆ ಬಿಡುತ್ತಾರೆ. ದಾಟಿದರೆ ಅದರ ಸರೆಂಡರ್ ಮೌಲ್ಯ ಪೂರ್ತಿ ಎಣಿಕೆಗೆ ಬರುತ್ತದೆ. ಮಗುವಿನ ಜೀವದ ಮೇಲೆ ಮಾಡಿಸಿ ಒಡೆತನ ನಿಮ್ಮದೇ ಇದ್ದರೆ ಬೇರೆ ಮಾತು. ಪಾಲಿಸಿಯ ಕಾಗದ ತೆಗೆದು ಒಡೆಯ ಯಾರೆಂದು ಓದಿ. ಹಲವು ಮಕ್ಕಳ ಪಾಲಿಸಿಗಳಲ್ಲಿ ಹದಿನೆಂಟಾದಾಗ ಒಡೆತನ ಮಗುವಿಗೆ ದಾಟುತ್ತದೆ.

ಎಫ್‌ಡಿ. ಅಪ್ರಾಪ್ತರ ಹೆಸರಿನ ಠೇವಣಿಗೆ ಸಹಿ ಹಾಕುವವರು ನೀವಾದರೂ ದುಡ್ಡು ಮಗುವಿನದು. ಐದು ಲಕ್ಷ ರೂಪಾಯಿ ಎಂದರೆ ಈಗಿನ ಲೆಕ್ಕದಲ್ಲಿ ಐದು ಸಾವಿರ ಡಾಲರ್ ಮೀರುತ್ತದೆ, ಮಿತಿಯ ಎರಡು ಪಟ್ಟಿಗಿಂತ ಹೆಚ್ಚು.

ಜಂಟಿ ಖಾತೆ. ತಾಯಿ ಮಗನ ಜಂಟಿ ಖಾತೆಯಲ್ಲಿ ತಾಯಿಯ ದುಡ್ಡೇ ಇದ್ದರೂ ಇಡೀ ಮೊತ್ತ ಮಗನದು ಎಂದೇ ಮೊದಲು ಊಹಿಸುತ್ತಾರೆ. ಹಾಗಲ್ಲ ಎಂದು ಸಾಬೀತು ಮಾಡುವ ಅವಕಾಶ ಇದೆ. ಸಾಬೀತು ಮಾಡುವುದಕ್ಕಿಂತ ಹೆಸರು ತೆಗೆಸುವುದು ಸುಲಭ. ಅರ್ಜಿಗೆ ಮುಂಚೆಯೇ ತೆಗೆಸಿ, ಹಿಂದಿನ ಸ್ಟೇಟ್‌ಮೆಂಟುಗಳನ್ನು ಇಟ್ಟುಕೊಳ್ಳಿ.

ಊರಿನ ಜಮೀನು, ಮನೆ. ಪಹಣಿಯಲ್ಲಿ ಮಗುವಿನ ಹೆಸರು ಸೇರಿದೆಯೇ ನೋಡಿ. ಮಾರಲು ಸಾಧ್ಯವಿರುವ ಪಾಲು ಆಸ್ತಿ ಎನಿಸುತ್ತದೆ. ಆದರೆ ಎರಡು ರಕ್ಷಣೆಗಳಿವೆ. ಸಹಮಾಲೀಕರ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ ಎಂಬ ಕಾನೂನಿನ ತಡೆ ಇದ್ದು, ಅವರು ಒಪ್ಪದಿದ್ದರೆ ಅದು ಎಣಿಕೆಗೆ ಬರುವುದಿಲ್ಲ. ಸಹಮಾಲೀಕರು ಅದೇ ಮನೆಯಲ್ಲಿ ವಾಸವಿದ್ದು, ಮಾರಿದರೆ ಅವರಿಗೆ ಬೇರೆ ಸೂರಿಲ್ಲದಂತಾಗುವುದಾದರೆ ಆಗಲೂ ಬಿಡುತ್ತಾರೆ. ದೊಡ್ಡಪ್ಪನ ಸಂಸಾರ ಇನ್ನೂ ಹಳೆಮನೆಯಲ್ಲೇ ಇದೆ ಎನ್ನುವ ಕುಟುಂಬಗಳಿಗೆ ಇದು ಉಪಯೋಗಕ್ಕೆ ಬರುತ್ತದೆ. ಕಾಗದಪತ್ರ ಅನುವಾದ ಮಾಡಿಸಿ ಕೊಡಬೇಕಾಗುತ್ತದೆ.

ಇಲ್ಲಿನ ಯುಟಿಎಂಎ ಖಾತೆ. ಅಪ್ರಾಪ್ತರಿಗಾಗಿ ತೆರೆದದ್ದು. ರಾಜ್ಯಕ್ಕೆ ತಕ್ಕಂತೆ 18 ಅಥವಾ 21 ಆಗುವವರೆಗೆ ಎಣಿಕೆಯಿಲ್ಲ, ಆದ ದಿನ ಪೂರ್ತಿ ಮಗುವಿನದು. ಕಾಲೇಜಿಗೆಂದು ನಿಮ್ಮ ಒಡೆತನದಲ್ಲಿ ತೆರೆದ 529 ಖಾತೆ ಹದಿನೆಂಟರ ನಂತರ ಮಗುವಿನ ಲೆಕ್ಕಕ್ಕೆ ಬರುವುದಿಲ್ಲ.

ಹಂತ 5: ಮೀರಿದ್ದನ್ನು ಇಳಿಸುವುದು, ಆದರೆ ಕೊಟ್ಟುಬಿಡುವುದಲ್ಲ

ಎಫ್‌ಡಿ ಮುರಿಸಿ ತಂಗಿಯ ಹೆಸರಿಗೆ ಮಾಡಿಸಿಬಿಡೋಣ ಎಂಬ ಯೋಚನೆ ಎಲ್ಲರಿಗೂ ಬರುತ್ತದೆ. ನಮಗೂ ಬಂದಿತ್ತು. ಹಾಗೆ ಮಾಡಬೇಡಿ. ಸರಿಯಾದ ಬೆಲೆ ಪಡೆಯದೆ ಆಸ್ತಿಯನ್ನು ಬೇರೆಯವರಿಗೆ ಕೊಟ್ಟಿದ್ದೀರಾ ಎಂದು ಹಿಂದಿನ 36 ತಿಂಗಳನ್ನು ಕೆದಕುತ್ತಾರೆ. ಕೊಟ್ಟಿದ್ದರೆ ಮೊತ್ತಕ್ಕೆ ತಕ್ಕಂತೆ 36 ತಿಂಗಳವರೆಗೂ ಎಸ್‌ಎಸ್‌ಐ ಕೊಡುವುದಿಲ್ಲ. ಮೆಡಿಕೇಡಿನ ದೀರ್ಘಾವಧಿ ಆರೈಕೆಗೆ ಹಿಂದಿನ 60 ತಿಂಗಳನ್ನು ನೋಡುತ್ತಾರೆ.

ಅವನ ದುಡ್ಡನ್ನು ಅವನಿಗೇ ಖರ್ಚು ಮಾಡುವುದು ತಪ್ಪಲ್ಲ. ಹಲ್ಲಿನ ಚಿಕಿತ್ಸೆ, ಹೊಸ ಹಾಸಿಗೆ, ಮಾತನಾಡಲು ನೆರವಾಗುವ ಟ್ಯಾಬ್ಲೆಟ್, ಥೆರಪಿ, ಅವನು ಓಡಾಡಲು ವಾಹನ. ಪ್ರತಿಯೊಂದಕ್ಕೂ ರಸೀದಿ ಇಟ್ಟುಕೊಳ್ಳಿ. ಖರ್ಚು ಮಾಡಲು ಮನಸ್ಸಿಲ್ಲದ, ಉಳಿಸಲೇಬೇಕಾದ ದುಡ್ಡಿಗೆ ಮುಂದಿನ ಎರಡು ಹಂತಗಳಿವೆ. ನಾವು ಅಮ್ಮನ ಎಫ್‌ಡಿಗಳನ್ನು ಮುರಿಸಿ, ತರಿಸಿಕೊಂಡು, ಮಗನ ಏಬಲ್ ಖಾತೆಗೆ (ಅಂಗವಿಕಲರಿಗೆಂದೇ ಇರುವ ಉಳಿತಾಯ ಖಾತೆ, ಹಂತ 6 ನೋಡಿ) ಹಾಕಿ ಮತ್ತೆ ಅರ್ಜಿ ಕೊಟ್ಟೆವು. ಮಗುವಿನದೇ ದುಡ್ಡನ್ನು ಮಗುವಿನ ಏಬಲ್ ಖಾತೆಗೆ ಹಾಕುವುದು ಬೇರೆಯವರಿಗೆ ಕೊಟ್ಟಂತೆ ಆಗುವುದಿಲ್ಲ.

ಹಂತ 6: ಏಬಲ್ ಖಾತೆ ತೆರೆಯಿರಿ

2014ರ ಡಿಸೆಂಬರಿನಲ್ಲಿ ಬಂದ ಏಬಲ್ ಕಾಯ್ದೆ ನಮ್ಮ ಮಕ್ಕಳಿಗೆ ಸಿಕ್ಕ ದೊಡ್ಡ ವರ. ಖಾತೆ ಮಗುವಿನ ಹೆಸರಿನಲ್ಲೇ ಇರುತ್ತದೆ, ಆದರೂ ಮೊದಲ 1,00,000 ಡಾಲರನ್ನು ಎಸ್‌ಎಸ್‌ಐ ಎಣಿಸುವುದಿಲ್ಲ. ಅದನ್ನೂ ದಾಟಿ ಎಸ್‌ಎಸ್‌ಐ ನಿಂತರೂ ಮೆಡಿಕೇಡ್ ನಿಲ್ಲುವುದಿಲ್ಲ. ಬೆಳೆದ ಲಾಭಕ್ಕೆ, ಅಂಗವೈಕಲ್ಯಕ್ಕೆ ಸಂಬಂಧಿಸಿದ ಖರ್ಚಿಗೆ ಬಳಸುವವರೆಗೆ, ಕೇಂದ್ರದ ಆದಾಯ ತೆರಿಗೆಯಿಲ್ಲ.

ಅಂಗವೈಕಲ್ಯ 26 ವರ್ಷಕ್ಕೆ ಮುಂಚೆ ಶುರುವಾಗಿರಬೇಕು ಎಂಬ ಷರತ್ತು ಇತ್ತು. 2026ರ ಜನವರಿ 1ರಿಂದ ಅದು 46ಕ್ಕೆ ಏರಿದೆ. ಎಸ್‌ಎಸ್‌ಐ ಸಿಕ್ಕ ಮೇಲೆಯೇ ತೆರೆಯಬೇಕೆಂದಿಲ್ಲ, ವೈದ್ಯರ ದೃಢೀಕರಣ ಇದ್ದರೆ ಎಂಟು ವರ್ಷದ ಮಗುವಿಗೂ ತೆರೆಯಬಹುದು. ಒಬ್ಬರಿಗೆ ಒಂದೇ ಖಾತೆ. ನಿಮ್ಮ ರಾಜ್ಯದ್ದೇ ಆಗಬೇಕೆಂದಿಲ್ಲ, ಆದರೆ ಕೆಲವು ರಾಜ್ಯಗಳು ತಮ್ಮದರಲ್ಲಿ ಹಾಕಿದರೆ ರಾಜ್ಯ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತವೆ, ನೋಡಿಕೊಳ್ಳಿ. ವರ್ಷಕ್ಕೆ ಎಲ್ಲರೂ ಸೇರಿ ಹಾಕಬಹುದಾದ ಮೊತ್ತಕ್ಕೆ ಮಿತಿ ಇದೆ, 2025ರಲ್ಲಿ ಅದು 19,000 ಡಾಲರ್ ಇತ್ತು. ಮಗು ಕೆಲಸಕ್ಕೆ ಹೋಗುತ್ತಿದ್ದರೆ ಅದರ ಮೇಲೂ ಸ್ವಲ್ಪ ಹಾಕಬಹುದು.

ಮುಯ್ಯಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಅತ್ತೆ, ಮಾವ, ಸ್ನೇಹಿತರು ನೇರವಾಗಿ ಏಬಲ್ ಖಾತೆಗೆ ಹಾಕಿದ ಉಡುಗೊರೆ ಮಗುವಿನ ಆದಾಯ ಎನಿಸುವುದಿಲ್ಲ. ಕವರು ಮಗುವಿನ ಕೈಗೆ ಬಂದು ಆಮೇಲೆ ನೀವು ಖಾತೆಗೆ ಹಾಕಿದರೆ ಎನಿಸುತ್ತದೆ. ಮಗುವಿನ ಸಂಬಳವೂ ಹಾಗೆಯೇ, ಏಬಲ್‌ಗೆ ಹಾಕಿದರೂ ಸಂಬಳವಾಗಿ ಎಣಿಕೆಯಾಗಿಯೇ ತೀರುತ್ತದೆ.

ಬಾಡಿಗೆಗೆಂದು ತೆಗೆದ ದುಡ್ಡನ್ನು ಅದೇ ತಿಂಗಳಲ್ಲಿ ಕೊಟ್ಟುಬಿಡಿ. ಮುಂದಿನ ತಿಂಗಳಿಗೆ ಉಳಿಸಿಕೊಂಡರೆ ಅದು 2,000ದ ಲೆಕ್ಕಕ್ಕೆ ಸೇರುತ್ತದೆ. ಇನ್ನೊಂದು ಸಂಗತಿ: ಮಗು ತೀರಿಕೊಂಡ ಮೇಲೆ ಉಳಿದ ಹಣದಿಂದ, ಖಾತೆ ತೆರೆದ ನಂತರ ಮೆಡಿಕೇಡ್ ಮಾಡಿದ ಖರ್ಚನ್ನು ರಾಜ್ಯ ಕೇಳಬಹುದು. ಕೆಲವು ರಾಜ್ಯಗಳು ಇದನ್ನು ಬಿಟ್ಟಿವೆ. ಆದ್ದರಿಂದ ನಿಮ್ಮ ಜೀವಮಾನದ ಗಳಿಕೆಯನ್ನೆಲ್ಲ ಇಲ್ಲಿ ಸುರಿಯಬೇಡಿ. ಅದಕ್ಕೆ ಟ್ರಸ್ಟ್ ಇದೆ.

ಹಂತ 7: ಟ್ರಸ್ಟ್, ಯಾವುದು ಯಾರ ದುಡ್ಡಿಗೆ

ಮಗುವಿಗೋಸ್ಕರ ಇಟ್ಟ ದುಡ್ಡನ್ನು ಅವನ ಕೈಗೆ ಕೊಡದೆ ಬೇರೊಬ್ಬರು ನೋಡಿಕೊಳ್ಳುವ ವ್ಯವಸ್ಥೆಗೆ ಸ್ಪೆಷಲ್ ನೀಡ್ಸ್ ಟ್ರಸ್ಟ್ ಎನ್ನುತ್ತಾರೆ. ಅದು ಎರಡು ಬಗೆ. ಮಗುವಿನದೇ ದುಡ್ಡು, ಅಂದರೆ ಅಪಘಾತ ಪರಿಹಾರ, ಈಗಾಗಲೇ ಅವನ ಹೆಸರಿಗೆ ಬಂದ ಆಸ್ತಿ, ಇವುಗಳಿಗೆ ಮೊದಲನೇ ಬಗೆ. 65 ವರ್ಷಕ್ಕೆ ಮುಂಚೆ ಮಾಡಬೇಕು, ಕೊನೆಗೆ ಮೆಡಿಕೇಡ್ ಸಾಲ ತೀರಿಸಬೇಕು. ನಿಮ್ಮ ದುಡ್ಡು, ಅಜ್ಜಿ ತಾತನ ದುಡ್ಡು ಹಾಕುವುದಕ್ಕೆ ಎರಡನೇ ಬಗೆ. ಇದರಲ್ಲಿ ರಾಜ್ಯಕ್ಕೆ ಒಂದು ಡಾಲರೂ ಕೊಡಬೇಕಿಲ್ಲ, ಉಳಿದದ್ದು ಇನ್ನೊಬ್ಬ ಮಗುವಿಗೆ, ತಂಗಿಯ ಮಕ್ಕಳಿಗೆ ಹೋಗಬಹುದು. ಎರಡರ ದುಡ್ಡನ್ನು ಎಂದೂ ಬೆರೆಸಬೇಡಿ. ಮಗುವಿನ ಐನೂರು ಡಾಲರ್ ಎರಡನೇ ಟ್ರಸ್ಟಿಗೆ ಹೋದರೂ ಆ ರಕ್ಷಣೆಗೇ ಕುತ್ತು ಬರಬಹುದು.

ಟ್ರಸ್ಟಿನಿಂದ ಮಗುವಿನ ಕೈಗೆ ನಗದು ಕೊಟ್ಟರೆ ಎಸ್‌ಎಸ್‌ಐ ಅಷ್ಟು ಕಡಿಮೆಯಾಗುತ್ತದೆ. ಟ್ರಸ್ಟೇ ನೇರವಾಗಿ ಥೆರಪಿಸ್ಟ್‌ಗೆ, ಪ್ರವಾಸದ ಕಂಪನಿಗೆ, ಫೋನ್ ಬಿಲ್ಲಿಗೆ ಕಟ್ಟಿದರೆ ಕಡಿಮೆಯಾಗುವುದಿಲ್ಲ. ಬಾಡಿಗೆ ಕಟ್ಟಿದರೆ ಒಂದು ಮಿತಿಯವರೆಗೆ ಕಡಿತ ಇದೆ. ಬಲ್ಲವರು ಟ್ರಸ್ಟಿನಿಂದ ಏಬಲ್ ಖಾತೆಗೆ ಹಾಕಿ, ಅಲ್ಲಿಂದ ಬಾಡಿಗೆ ಕಟ್ಟಿ ಆ ಕಡಿತವನ್ನೂ ತಪ್ಪಿಸುತ್ತಾರೆ. ಇದು ನಿಯಮದೊಳಗಿನ ದಾರಿಯೇ.

ಟ್ರಸ್ಟ್ ಬರೆಸಲು ಈ ವಿಷಯದಲ್ಲೇ ಪಳಗಿದ ವಕೀಲರನ್ನು ಹಿಡಿಯಿರಿ. ಮನೆ ಖರೀದಿಯ ಕಾಗದ ಮಾಡಿಕೊಟ್ಟವರು ಸಾಲದು. ಸಾವಿರಾರು ಡಾಲರ್ ಫೀಸು ಆಗುತ್ತದೆ, ಆದರೆ ನಾನು ಈ ಇಡೀ ಬರಹದಲ್ಲಿ ಕೈಬಿಗಿ ಹಿಡಿಯಬೇಡಿ ಎಂದು ಹೇಳುವುದು ಇದೊಂದಕ್ಕೇ.

ಹಂತ 8: ವಿಲ್, ನಾಮಿನಿ, ವಾರಸುದಾರಿಕೆ

ಬದುಕಿರುವಾಗ ಎಲ್ಲ ಸರಿಯಾಗಿ ನೋಡಿಕೊಂಡ ಕುಟುಂಬಗಳು ಎಡವುವುದು ಇಲ್ಲಿ. ನಿಮ್ಮ 401-ಕೆ ಮತ್ತು ಜೀವವಿಮೆಯ ಫಲಾನುಭವಿಯ ಜಾಗದಲ್ಲಿ ಮಗುವಿನ ಹೆಸರಿದ್ದರೆ ಈ ವಾರವೇ ಬದಲಿಸಿ, ಟ್ರಸ್ಟಿನ ಹೆಸರು ಹಾಕಿ. ಕೆಲಸಕ್ಕೆ ಸೇರಿದ ದಿನ ತುಂಬಿದ ಫಾರಂ ಇಪ್ಪತ್ತು ವರ್ಷ ಹಾಗೆಯೇ ಬಿದ್ದಿರುತ್ತದೆ.

ಕರ್ನಾಟಕದಲ್ಲಿರುವ ಆಸ್ತಿಗೆ ವಿಲ್ ಇಲ್ಲದಿದ್ದರೆ ನಡೆಯುವುದು ಅಲ್ಲಿನ ಉತ್ತರಾಧಿಕಾರದ ಕಾನೂನು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಮಗ, ಮಗಳು, ಹೆಂಡತಿ, ತಾಯಿ ಮೊದಲ ದರ್ಜೆಯ ವಾರಸುದಾರರು. ಅಂದರೆ ಮೈಸೂರಿನ ಸೈಟಿನಲ್ಲಿ ಮಗುವಿಗೆ ಪಾಲು ತಾನಾಗಿ ಬರುತ್ತದೆ. ಬಂದದ್ದನ್ನು ಬೇಡ ಎಂದು ಬಿಟ್ಟುಕೊಟ್ಟರೆ ಹಂತ 5ರಲ್ಲಿ ಹೇಳಿದ ದಂಡ ಬೀಳಬಹುದು. ಆದ್ದರಿಂದ ಅಲ್ಲಿಯ ಆಸ್ತಿಗೆ ಅಲ್ಲಿಯೇ ಒಂದು ವಿಲ್ ಬರೆಸಿ. ಅಜ್ಜಿ ತಾತನೂ ತಮ್ಮ ವಿಲ್‌ನಲ್ಲಿ ಮೊಮ್ಮಗನ ಹೆಸರಿಗೆ ನೇರವಾಗಿ ಬರೆಯದೆ, ಅವನ ಪಾಲನ್ನು ನಿಮಗೋ ಒಡಹುಟ್ಟಿದವರಿಗೋ ಬರೆಯಲಿ. ಬ್ಯಾಂಕಿನ ನಾಮಿನಿ ಬದಲಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ. ನಮ್ಮಲ್ಲಿ ನಾಮಿನಿ ಹಣ ಪಡೆದು ವಾರಸುದಾರರಿಗೆ ಒಪ್ಪಿಸಬೇಕಾದವರು, ಒಡೆಯರಲ್ಲ.

ನೀವು ನಿವೃತ್ತರಾದಾಗ ಅಥವಾ ತೀರಿಕೊಂಡಾಗ ಇನ್ನೊಂದು ಬಾಗಿಲು ತೆರೆಯುತ್ತದೆ. 22 ವರ್ಷಕ್ಕೆ ಮುಂಚೆ ಅಂಗವೈಕಲ್ಯ ಶುರುವಾದ, ಮದುವೆಯಾಗಿರದ ಮಗುವಿಗೆ ನಿಮ್ಮ ಸೋಷಿಯಲ್ ಸೆಕ್ಯುರಿಟಿ ದಾಖಲೆಯ ಮೇಲೆ ಹಣ ಬರುತ್ತದೆ. ನೀವು ಬದುಕಿದ್ದರೆ ನಿಮ್ಮ ಮೂಲ ಮೊತ್ತದ 50%ವರೆಗೆ, ಇಲ್ಲದಿದ್ದರೆ 75%ವರೆಗೆ. ಅದಕ್ಕೆ ಉಳಿತಾಯದ ಮಿತಿಯಿಲ್ಲ. ಆದರೆ ಆ ಹಣದಿಂದ ಎಸ್‌ಎಸ್‌ಐ ನಿಂತ ಮೇಲೂ ಮೆಡಿಕೇಡ್ ಉಳಿಸಿಕೊಳ್ಳಲು ಒಂದು ವಿಶೇಷ ರಕ್ಷಣೆ ಇದೆ, ಅದಕ್ಕೆ 2,000ದ ಮಿತಿ ಮುಂದುವರಿಯುತ್ತದೆ. ಗೆರೆ ಹೋಯಿತೆಂದು ಕೈಬಿಟ್ಟವರು ಇಲ್ಲಿ ಮೆಡಿಕೇಡ್ ಕಳೆದುಕೊಳ್ಳುತ್ತಾರೆ.

ಹಂತ 9: ಸಿಕ್ಕ ಮೇಲೆ ತಿಂಗಳ ಲೆಕ್ಕ

ಮಗುವಿನ ಪರವಾಗಿ ಹಣ ಪಡೆಯಲು ನಿಮ್ಮನ್ನು ಪೇಯೀ ಎಂದು ನೇಮಿಸುತ್ತಾರೆ. ಪವರ್ ಆಫ್ ಅಟಾರ್ನಿ ಇದಕ್ಕೆ ನಡೆಯುವುದಿಲ್ಲ. ಬಂದ ಹಣವನ್ನು ಮುಟ್ಟದೆ ಕೂಡಿಡುವುದು ನಮ್ಮವರ ಅಭ್ಯಾಸ. ಮೂರು ತಿಂಗಳ 994 ಸೇರಿದರೆ 2,982. ನಾಲ್ಕನೇ ತಿಂಗಳ ಒಂದನೇ ತಾರೀಖಿಗೆ ಮಿತಿ ದಾಟಿರುತ್ತದೆ. ಮಗನಿಂದ ಬಾಡಿಗೆ ತೆಗೆದುಕೊಳ್ಳುವುದು ನಮಗೆ ಬಹಳ ಕಸಿವಿಸಿ ಅನಿಸಿತ್ತು. ಆದರೆ ಮನೆಯ ಬಾಡಿಗೆ, ಕರೆಂಟು, ನೀರಿನ ಖರ್ಚಿನಲ್ಲಿ ಅವನ ನ್ಯಾಯವಾದ ಪಾಲನ್ನು ಅವನು ಕೊಟ್ಟರೆ ಪೂರ್ತಿ ನೆರವು ಸಿಗುತ್ತದೆ. ಪುಕ್ಕಟೆ ಇದ್ದರೆ ಮೂರನೇ ಒಂದು ಭಾಗದವರೆಗೆ ಕಡಿತವಾಗಬಹುದು. ಒಂದು ಸಾದಾ ಬಾಡಿಗೆ ಕರಾರು ಬರೆದಿಟ್ಟುಕೊಳ್ಳಿ. ಊಟದ ಬಗ್ಗೆ ಚಿಂತೆ ಬೇಡ, 2024ರ ಸೆಪ್ಟೆಂಬರ್ 30ರಿಂದ ನೀವು ಹಾಕುವ ಅನ್ನಕ್ಕೆ ಬೆಲೆ ಕಟ್ಟುವುದನ್ನು ನಿಲ್ಲಿಸಿದ್ದಾರೆ.

ಪ್ರತಿ ತಿಂಗಳ 25ನೇ ತಾರೀಖಿಗೆ ಖಾತೆ ನೋಡಿ. 1,500 ದಾಟಿದ್ದರೆ ಹೆಚ್ಚಿನದನ್ನು ಏಬಲ್‌ಗೆ ಹಾಕಿ ಅಥವಾ ಅವನಿಗೆ ಬೇಕಾದ್ದು ಕೊಳ್ಳಿ. 25ನೇ ತಾರೀಖು ಏಕೆಂದರೆ ಹಣ ದಾಟಲು ನಾಲ್ಕೈದು ದಿನ ಹಿಡಿಯುತ್ತದೆ, 30ರಂದು ಕಳಿಸಿದ್ದು ಒಂದನೇ ತಾರೀಖಿಗೆ ಇನ್ನೂ ಹಳೇ ಖಾತೆಯಲ್ಲೇ ಇದ್ದರೆ ಕಷ್ಟ.

ಏನೇ ಬದಲಾವಣೆಯಾದರೂ, ಸಂಬಳ, ವಿಳಾಸ, ಹೊಸ ಖಾತೆ, ಮದುವೆ, ಆ ತಿಂಗಳು ಮುಗಿದ 10 ದಿನದೊಳಗೆ ತಿಳಿಸಬೇಕು. ತಿಳಿಸಿದ್ದಕ್ಕೆ ರಸೀದಿ ತೆಗೆದುಕೊಳ್ಳಿ. ತಿಳಿಸದೆ ಪಡೆದ ಹಣವನ್ನು ವರ್ಷಗಳ ನಂತರವೂ ವಾಪಸು ಕೇಳುತ್ತಾರೆ. ಅವರೂ ಬ್ಯಾಂಕುಗಳಿಂದ ವಿದ್ಯುನ್ಮಾನವಾಗಿ ಪರಿಶೀಲಿಸುತ್ತಾರೆ.

ಉಳಿತಾಯಕ್ಕೆ ಸಂಬಂಧವಿಲ್ಲದಿದ್ದರೂ ಒಂದು ಮಾತು ಹೇಳದೆ ಇರಲಾರೆ. ಎಸ್‌ಎಸ್‌ಐ ಪಡೆಯುವವರು ಸತತ 30 ದಿನ ಅಥವಾ ಒಂದು ಪೂರ್ತಿ ತಿಂಗಳು ದೇಶದ ಹೊರಗಿದ್ದರೆ ಹಣ ನಿಲ್ಲುತ್ತದೆ. 30 ದಿನಗಳಾಗಿದ್ದರೆ ವಾಪಸು ಬಂದು ಮತ್ತೆ ಸತತ 30 ದಿನ ಇಲ್ಲೇ ಇದ್ದ ಮೇಲೆಯೇ ಶುರುವಾಗುವುದು. ಬೇಸಿಗೆ ರಜೆಗೆ ಎರಡು ತಿಂಗಳು ಊರಿಗೆ ಹೋಗಿ ಬರುವ ನಮ್ಮ ರೂಢಿಯನ್ನು ನಾಲ್ಕು ವಾರಕ್ಕೆ ಇಳಿಸಿಕೊಳ್ಳಬೇಕು. ನಾವು ಹೊರಡುವಾಗಲೇ 26ನೇ ದಿನಕ್ಕೆ ವಾಪಸು ಟಿಕೆಟ್ ಮಾಡಿಸುತ್ತೇವೆ, ವಿಮಾನ ತಪ್ಪಿದರೂ ಕೈಯಲ್ಲಿ ಎರಡು ದಿನ ಇರಲಿ ಎಂದು.

ಹಂತ 10: ಊರಿಗೆ ಕಳಿಸುವ ಸಂದೇಶ

ಇಷ್ಟೆಲ್ಲ ಮಾಡಿದರೂ ಊರಿನಲ್ಲಿ ಯಾರೋ ಒಬ್ಬರು ಪ್ರೀತಿಯಿಂದ ಮಗುವಿನ ಹೆಸರಿಗೆ ಒಂದು ಸೈಟು ಬರೆದುಬಿಟ್ಟರೆ ಎಲ್ಲ ಮತ್ತೆ ಮೊದಲಿನಿಂದ. ಅವರಿಗೆ ಈ ವಿಷಯ ಹೇಳುವುದು ಸುಲಭವಲ್ಲ, ನಮ್ಮ ದುಡ್ಡು ಬೇಡವೇ ಎಂದು ನೊಂದುಕೊಳ್ಳುತ್ತಾರೆ. ನಾನು ಅಮ್ಮನಿಗೆ, ಅಣ್ಣನಿಗೆ, ಸೋದರಮಾವನಿಗೆ ಬರೆದು ಕಳಿಸಿದ್ದನ್ನು ಹಾಗೆಯೇ ಇಲ್ಲಿ ಕೊಡುತ್ತೇನೆ. ಬೇಕಾದವರು ಹೆಸರು ಬದಲಿಸಿ ಬಳಸಿಕೊಳ್ಳಿ.

"ನಮಸ್ಕಾರ. ಪುಟ್ಟನಿಗೆ ಇಲ್ಲಿ ಸರ್ಕಾರದಿಂದ ಜೀವನಪೂರ್ತಿ ಆಸ್ಪತ್ರೆ ಖರ್ಚು, ನೋಡಿಕೊಳ್ಳುವವರ ಖರ್ಚು ಸಿಗುವ ವ್ಯವಸ್ಥೆ ಆಗಿದೆ. ಅವನ ಹೆಸರಿನಲ್ಲಿ ಸುಮಾರು ಒಂದೂಮುಕ್ಕಾಲು ಲಕ್ಷ ರೂಪಾಯಿಗಿಂತ ಹೆಚ್ಚು ಇದ್ದರೆ ಅದು ನಿಂತುಹೋಗುತ್ತದೆ, ದುಡ್ಡು ಯಾವ ದೇಶದಲ್ಲಿದ್ದರೂ ಸರಿ. ಆದ್ದರಿಂದ ಎಫ್‌ಡಿ, ಎಲ್‌ಐಸಿ, ಸೈಟು, ಜಮೀನು, ವಿಲ್ ಯಾವುದರಲ್ಲೂ ಅವನ ಹೆಸರು ಸೇರಿಸಬೇಡಿ. ಈಗಾಗಲೇ ಸೇರಿಸಿದ್ದರೆ ಏನನ್ನೂ ಬದಲಿಸದೆ ಮೊದಲು ನನಗೆ ಫೋನ್ ಮಾಡಿ. ಅವನಿಗೆ ಏನಾದರೂ ಕೊಡಬೇಕು ಎಂದು ಮನಸ್ಸಿದ್ದರೆ ನನಗೆ ಹೇಳಿ, ಅವನಿಗೋಸ್ಕರವೇ ಒಂದು ಖಾತೆ ಮತ್ತು ಒಂದು ಟ್ರಸ್ಟ್ ಇದೆ, ಅಲ್ಲಿ ಇಟ್ಟರೆ ಒಂದು ರೂಪಾಯಿಯೂ ವ್ಯರ್ಥವಾಗುವುದಿಲ್ಲ. ಬಳೆ, ಸರ, ಬಟ್ಟೆ ಕೊಡಬಹುದು. ಬಂದಾಗ ಅವನಿಗೆ ಇಷ್ಟವಾದ ಕೊಬ್ಬರಿ ಮಿಠಾಯಿ ಮರೆಯಬೇಡಿ."